ಸಿಗ್ನಲ್‌ಗೆ ನಿಲ್ಲುವ ರೈಲು

ನಮ್ಮ ಮಾವನವರು ರೈಲ್ವೆಯಲ್ಲಿ 34 ವರ್ಷ ಕೆಲಸ ಮಾಡಿ ಅರಸೀಕೆರೆ ಜಂಕ್ಷನ್‌ನಲ್ಲಿ ರಿಟೈರ್ ಆದವರು. 2025ರ ಜೂನ್ ಕೊನೆಯಲ್ಲಿ ಮಗಳ ಮನೆ ನೋಡೋಣ ಅಂತ ಅರಿಜೋನಾಕ್ಕೆ ಬಂದರು. ಜೂನ್ ಕೊನೆಯಲ್ಲಿ ಫೀನಿಕ್ಸ್‌ಗೆ ಬರುವವರನ್ನು ಯಾರೂ ಬುದ್ಧಿವಂತರು ಅನ್ನುವುದಿಲ್ಲ. ಆದರೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತ್ತು, ಬುಕ್ ಮಾಡಿದವನು ನಾನೇ, ಆಮೇಲೆ ಬೈಸಿಕೊಂಡವನೂ ನಾನೇ.

ಒಂದು ವಾರ ಎಸಿ ಕೆಳಗೆ ಕೂತು ಬೇಜಾರಾಗಿ, "ಅಳಿಯಂದ್ರೇ, ಇಲ್ಲೂ ರೈಲು ಇದೆಯಂತಲ್ಲ, ಒಂದು ಸುತ್ತು ಹೋಗಿ ಬರೋಣ್ವಾ?" ಎಂದರು.

"ಇದೆ ಮಾವ. ಲೈಟ್ ರೈಲು."

"ಲೈಟ್ ಅಂದ್ರೆ?"

"ಹಗುರ ಅಂತ."

"ಯಾಕೆ, ಜನ ಹತ್ತಲ್ವಾ?"

ನಾವಿರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಇಂಟೆಲ್‌ನ ಚಿಪ್ ಫ್ಯಾಕ್ಟರಿ ಇಲ್ಲೇ ಇದೆ, ಬೀದಿಗೊಂದು ಕನ್ನಡದ ಮನೆಯೂ ಸಿಗುತ್ತದೆ, ರೈಲು ಮಾತ್ರ ಇಲ್ಲ. ಹಾಗಾಗಿ ರೈಲು ಹತ್ತಲು ಮೊದಲು ಕಾರು ಹತ್ತಬೇಕು. ಇಲ್ಲಿನ ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತ ಕಾರಿನ ಸೀಟ್‌ಬೆಲ್ಟ್ ಬಕಲ್ ಅಂದರೆ ಒಲೆ ಮೇಲಿಂದ ಈಗಷ್ಟೇ ಇಳಿಸಿದ ದೋಸೆ ಹೆಂಚು. ಮಾವನವರು ಕರವಸ್ತ್ರ ಸುತ್ತಿ ಅದನ್ನು ಸಿಕ್ಕಿಸಿಕೊಂಡರು. ಇಪ್ಪತ್ತು ನಿಮಿಷ ಕಾರು ಓಡಿಸಿ, 101 ಹೆದ್ದಾರಿ ಪಕ್ಕದ ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದೆ. ಇಳಿದವರೇ ಕೇಳಿದರು, "ರೈಲು ಹತ್ತೋಕೆ ಕಾರಲ್ಲಿ ಬರೋದಾದ್ರೆ, ಕಾರಲ್ಲೇ ಹೋದ್ರೆ ಆಗಲ್ವಾ?"

ಫೀನಿಕ್ಸ್‌ನವರು ನಲವತ್ತು ವರ್ಷದಿಂದ ಕೇಳುತ್ತಿರುವುದೂ ಇದನ್ನೇ. ಕೇಳಿ ಕೇಳಿ ಉತ್ತರ ಬರುವಷ್ಟರಲ್ಲಿ ಸುತ್ತಮುತ್ತಲೂ ಸೇರಿ ಊರೇ 50 ಲಕ್ಷ ಜನರದ್ದಾಯಿತು.

ತಮಾಷೆ ಅಂದರೆ ಫೀನಿಕ್ಸ್‌ನಲ್ಲಿ ಟ್ರಾಮ್ ಶುರುವಾಗಿದ್ದು 1887ರಲ್ಲಿ. ಆಗ ಊರಲ್ಲಿ ಧೂಳು ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ, ಟ್ರಾಮ್ ಇತ್ತು. 1948ರಲ್ಲಿ ಅದನ್ನು ನಿಲ್ಲಿಸಿದರು. ಇನ್ಮೇಲೆ ಎಲ್ಲರೂ ಕಾರಲ್ಲಿ ಓಡಾಡುತ್ತಾರೆ, ಹಳಿ ಯಾಕೆ ಸುಮ್ನೆ ಅಂತ. 1989ರಲ್ಲಿ ಮತ್ತೆ ರೈಲು ಹಾಕೋಣ ಅಂತ ಜನರ ಮುಂದೆ ಇಟ್ಟರು, ಜನ ಬೇಡ ಎಂದರು. 2000ದಲ್ಲಿ ಬೇಕು ಎಂದರು. ಕೊನೆಗೆ 2008ರ ಡಿಸೆಂಬರ್ 27ರಂದು 20 ಮೈಲಿ ಹಳಿ, 140 ಕೋಟಿ ಡಾಲರ್ ಖರ್ಚು, ರೈಲು ಓಡಿತು. ತೆಗೆದಿದ್ದನ್ನು ವಾಪಸ್ ಹಾಕಲು ಬರೋಬ್ಬರಿ 60 ವರ್ಷ.

ಪ್ಲಾಟ್‌ಫಾರಂಗೆ ಬಂದೆವು. ದಿನದ ಪಾಸು ನಾಲ್ಕು ಡಾಲರ್. ಸ್ಟೇಷನ್ನಿಗೆ ಚಾವಣಿ ಇದೆ, ನೋಡಲು ಚೆನ್ನಾಗಿದೆ, ನೆರಳನ್ನೂ ಕೊಡುತ್ತದೆ. ಆದರೆ ಇಳಿಹೊತ್ತಿನಲ್ಲಿ ಆ ನೆರಳು ಬೀಳುವುದು ಹಳಿಯ ಮೇಲೆ. ಪ್ರಯಾಣಿಕರು ಏನು ಮಾಡುತ್ತಾರೆ ಅಂದರೆ, ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಕಂಬದ ಅಗಲ ಒಂದು ಗೇಣು. ಮಾವನವರು ಟಿಕೆಟ್ ಮಷಿನ್ನಿನ ಹಿಂದೆ ಜಾಗ ಹಿಡಿದರು, ಅದರ ನೆರಳು ಸರಿದಂತೆ ತಾವೂ ಸರಿದರು. 2023ರಲ್ಲಿ ಈ ಊರಿನಲ್ಲಿ 31 ದಿನ ಸತತವಾಗಿ 43 ಡಿಗ್ರಿ ದಾಟಿತ್ತು. ಆ ವರ್ಷ ಈ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಬಿಸಿಲಿಗೆ 600ಕ್ಕೂ ಜಾಸ್ತಿ ಜನ ಸತ್ತರು. ಮನೆ ಇಲ್ಲದವರು ಯಾಕೆ ಬೆಳಗಿಂದ ಸಂಜೆವರೆಗೆ ಈ ರೈಲಿನಲ್ಲೇ ಕೂತಿರುತ್ತಾರೆ ಅಂತ ಕೆಲವರಿಗೆ ತುಂಬಾ ಸಿಟ್ಟು. ಆ ಕೆಲವರು ಕಾರಿನ ಎಸಿಯಲ್ಲಿ ಕೂತು ಸಿಟ್ಟಾಗುತ್ತಾರೆ.

ರೈಲು ಬಂತು. ಹತ್ತಿದೆವು. ತಣ್ಣಗಿತ್ತು. ಮಾವನವರ ಮುಖ ಅರಳಿತು. ಅಪಾಚೆ ರಸ್ತೆಯ ಮಧ್ಯದಲ್ಲಿ ಸರಾಗವಾಗಿ ಹೊರಟ ಗಾಡಿ ಸ್ವಲ್ಪ ದೂರ ಹೋಗಿ ನಿಂತಿತು. ಸ್ಟೇಷನ್ ಇಲ್ಲ, ಏನಿಲ್ಲ.

"ಯಾಕೆ ನಿಂತಿತು? ಕ್ರಾಸಿಂಗಾ?"

"ಸಿಗ್ನಲ್, ಮಾವ."

"ರೈಲ್ವೆ ಸಿಗ್ನಲ್ಲಾ?"

"ಅಲ್ಲ. ಟ್ರಾಫಿಕ್ ಸಿಗ್ನಲ್. ಕೆಂಪು ದೀಪ."

ಮಾವನವರು ಕಿಟಕಿಯಿಂದ ನೋಡಿದರು. ನಮ್ಮ ಮುಂದೆ ಒಂದು ದೊಡ್ಡ ಪಿಕಪ್ ಟ್ರಕ್, ಒಳಗೆ ಒಬ್ಬನೇ ಆಸಾಮಿ, ಕೈಯಲ್ಲಿ ಕಾಫಿ ಲೋಟ, ಆರಾಮಾಗಿ ರಸ್ತೆ ದಾಟಿ ಹೋದ. ಹಿಂದೆ ಇನ್ನೊಂದು ಕಾರು. ಅದರಲ್ಲೂ ಒಬ್ಬನೇ. ರೈಲಿನಲ್ಲಿ ನಾವು ನೂರು ಜನ ಅವರಿಗೆ ದಾರಿ ಬಿಟ್ಟು ಕಾಯುತ್ತಿದ್ದೆವು. 34 ವರ್ಷದ ಸರ್ವೀಸಿನಲ್ಲಿ ಗೇಟ್ ಹಾಕಿಸಿ ಎಂಎಲ್‌ಎ ಕಾರನ್ನೂ ನಿಲ್ಲಿಸಿದ ಮನುಷ್ಯ ಅವರು. ಆವತ್ತು ಅವರ ಮುಖ ನೋಡಬೇಕಿತ್ತು ನೀವು.

"ಗೇಟ್ ಇಲ್ವಾ?"

"ರಸ್ತೆ ಮಧ್ಯದಲ್ಲಿ ಬಹಳ ಕಡೆ ಇಲ್ಲ ಮಾವ. ಕಾರಿನವರು ಎಡಕ್ಕೆ ತಿರುಗೋವಾಗ ಹಿಂದೆ ರೈಲು ಬರ್ತಿದೆ ಅಂತ ನೋಡದೆ ತಿರುಗಿ, ಬಂದು ಗುದ್ದಿಸ್ಕೊಳ್ತಾರೆ."

"ರೈಲು ಕಾಣಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 90 ಅಡಿ ಉದ್ದದ ಡಬ್ಬಿ ಅದು.

ಇನ್ನು ಈ ರೈಲು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಅನ್ನುವುದು ಬೇರೆಯೇ ಕಥೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ ಅಂತ ನಾವು ಹೇಳುತ್ತೇವಲ್ಲ, ಇಲ್ಲಿ ಬಂದಿಲ್ಲ. ಏರ್‌ಪೋರ್ಟಿನ ಪಕ್ಕದಲ್ಲೇ ಹಾದುಹೋಗುತ್ತದೆ, ಒಳಗೆ ಹೋಗುವುದಿಲ್ಲ. 44ನೇ ಬೀದಿಯಲ್ಲಿ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಮೇಲೆ ಹತ್ತಿ, ಇನ್ನೊಂದು ರೈಲು ಹಿಡಿಯಬೇಕು. ಅದು 2013ರಲ್ಲಿ ಬಂತು. ಅದಕ್ಕೆ ಟಿಕೆಟ್ ಇಲ್ಲ, ಅಷ್ಟಾದರೂ ಪುಣ್ಯ. (ಬೆಂಗಳೂರಿನವರು ನಗಬೇಡಿ, ನಮ್ಮ ಮೆಟ್ರೋ ಶುರುವಾಗಿದ್ದು 2011ರಲ್ಲಿ, ಏರ್‌ಪೋರ್ಟ್ ಯಾವಾಗ ಮುಟ್ಟಿತು ಅಂತ ನೀವೇ ಹೇಳಿ.)

ಇನ್ನೊಂದು ಕಡೆ ಮೆಟ್ರೋಸೆಂಟರ್ ಅಂತ ಒಂದು ಮಾಲ್ ಇತ್ತು. 1973ರ ಮಾಲ್. ಒಂದು ಕಾಲದಲ್ಲಿ ಊರಿನ ಜನವೆಲ್ಲ ಅಲ್ಲೇ. ಅಲ್ಲಿಗೆ ರೈಲು ಬೇಕು ಅಂತ ಪ್ಲಾನ್ ಆಯಿತು, ಮೀಟಿಂಗ್ ಆಯಿತು, ಮತ್ತೆ ಮೀಟಿಂಗ್ ಆಯಿತು. 2020ರ ಜೂನ್‌ನಲ್ಲಿ ಮಾಲ್ ಬಾಗಿಲು ಹಾಕಿತು. 2024ರ ಜನವರಿಯಲ್ಲಿ, ಹೆದ್ದಾರಿಯ ಮೇಲೆ ಸೇತುವೆ ಕಟ್ಟಿ, ಎತ್ತರದಲ್ಲಿ ಚೆಂದದ ಸ್ಟೇಷನ್ ಕಟ್ಟಿ, ಕಾರು ನಿಲ್ಲಿಸಲು ಬಹುಮಹಡಿ ಕಟ್ಟಡವನ್ನೂ ಕಟ್ಟಿ ರೈಲು ತಲುಪಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಕೇಳಿದ್ದೆ, ಇವರು ಹೊಸ ಬಾಗಿಲನ್ನೇ ಮಾಡಿಸಿದರು. ಆ ಜಾಗದಲ್ಲಿ ಮನೆಗಳು ಬರುತ್ತವಂತೆ, ಆಗ ಸರಿಹೋಗಬಹುದು. ಆದರೆ ಅದೇ ದಿಕ್ಕಿನಲ್ಲಿ ಇನ್ನೂ ಉತ್ತರಕ್ಕೆ ತೈವಾನ್‌ನ ಟಿಎಸ್‌ಎಂಸಿ ಕಂಪನಿಯವರು ಸಾವಿರಾರು ಜನ ಕೆಲಸ ಮಾಡುವ ಚಿಪ್ ಫ್ಯಾಕ್ಟರಿ ಎಬ್ಬಿಸಿದ್ದಾರೆ. ರೈಲು ಅಲ್ಲಿಗಿಲ್ಲ. ಸತ್ತ ಮಾಲ್‌ಗೆ ಇದೆ.

2019ರಲ್ಲಿ ನಡೆದಿದ್ದು ಇದಕ್ಕಿಂತ ಮಜಾ. ದಕ್ಷಿಣ ಫೀನಿಕ್ಸ್‌ಗೆ ಹಳಿ ಹಾಕಿದರೆ ರಸ್ತೆ ನಾಲ್ಕು ಲೇನ್‌ನಿಂದ ಎರಡಾಗುತ್ತದೆ ಅಂತ ಕೆಲವರು ಎದ್ದು ನಿಂತರು. ಅದು ಬೆಳೆದು ಬೆಳೆದು, ಇನ್ನು ಮುಂದೆ ಊರಲ್ಲಿ ಎಲ್ಲೂ ಲೈಟ್ ರೈಲು ಬೆಳೆಯಬಾರದು ಅನ್ನುವ ಮತದಾನವೇ ಆಯಿತು. ಪ್ರಶ್ನೆ ಹೇಗಿತ್ತು ಗೊತ್ತಾ? ರೈಲು ಬೇಕಾದವರು 'ಬೇಡ' ಒತ್ತಬೇಕು, ರೈಲು ಬೇಡವಾದವರು 'ಬೇಕು' ಒತ್ತಬೇಕು. ಅಷ್ಟು ಗೋಜಲಿದ್ದರೂ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಜನ ಸರಿಯಾಗಿ 'ಬೇಡ' ಒತ್ತಿ ರೈಲು ಉಳಿಸಿದರು. ಆ 5.5 ಮೈಲಿ 2025ರ ಜೂನ್ 7ಕ್ಕೆ ಶುರುವಾಯಿತು.

ಆದರೆ ದೇವರು ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಇದೇ ಊರಿನಲ್ಲಿ ರಾಜ್ಯದ ಶಾಸನಸಭೆ ಇದೆ. ಅದರ ಬಾಗಿಲವರೆಗೆ ಹಳಿ ಹಾಕಬೇಕು ಅಂತ ನಗರದವರು ಯೋಚಿಸಿದ್ದರು. 2023ರಲ್ಲಿ ಶಾಸಕರು ಸಾರಿಗೆ ತೆರಿಗೆಯ ಕಾಯ್ದೆ ಪಾಸು ಮಾಡುವಾಗ ಅದರಲ್ಲೇ ಒಂದು ಸಾಲು ಸೇರಿಸಿದರು: ನಮ್ಮ ಶಾಸನಸಭೆಯ ಅಂಗಳಕ್ಕೆ ಲೈಟ್ ರೈಲು ಬರಕೂಡದು. ಜೊತೆಗೆ, ಈ ತೆರಿಗೆಯ ದುಡ್ಡಿನಲ್ಲಿ ಹೊಸ ಹಳಿ ಹಾಕಕೂಡದು. ಅವರು ಯಾರಿಗೆ ಅಷ್ಟು ಹೆದರಿದರೋ! ರೈಲು ಬಂದರೆ ಅದರಲ್ಲಿ ಮತದಾರರು ಬಂದು ಇಳಿದುಬಿಡುತ್ತಾರೆ, ಅದೇ ಇರಬೇಕು. 2024ರ ನವೆಂಬರ್‌ನಲ್ಲಿ ಜನ ಆ ತೆರಿಗೆಯನ್ನು ಒಪ್ಪಿದರು, ಡಾಲರ್‌ಗೆ ಅರ್ಧ ಸೆಂಟಿನಂತೆ ಇನ್ನೂ 20 ವರ್ಷ. ರೈಲಿನಲ್ಲಿ ಹೋಗುವವನೂ ಅಂಗಡಿಯಲ್ಲಿ ಚಪ್ಪಲಿ ಕೊಂಡಾಗ ಅದನ್ನು ಕಟ್ಟುತ್ತಾನೆ.

ಟಿಕೆಟ್ ದುಡ್ಡಲ್ಲಿ ಖರ್ಚು ಹುಟ್ಟುತ್ತಾ ಅಂತ ರೈಲನ್ನು ಎಲ್ಲರೂ ಕೇಳುತ್ತಾರೆ. 2019ರ ಡಿಸೆಂಬರ್‌ನಲ್ಲಿ ಬೆಟ್ಟದ ಅಂಚು ಕಡಿದು 22 ಮೈಲಿ ಹೊಸ ಹೆದ್ದಾರಿ ಮಾಡಿದರು, 170 ಕೋಟಿ ಡಾಲರ್. ಟೋಲ್ ಇಲ್ಲ. "ಏನಮ್ಮಾ ಹೆದ್ದಾರಿ, ಲಾಭ ಬಂತಾ?" ಅಂತ ಅದನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ.

ಡೌನ್‌ಟೌನ್‌ನಲ್ಲಿ ಇಳಿದೆವು. ಈಗ ಅಲ್ಲಿ ಎ ಲೈನ್, ಬಿ ಲೈನ್ ಎರಡೂ ಸೇರುತ್ತವೆ. "ಜಂಕ್ಷನ್ನು!" ಅಂತ ಮಾವನವರಿಗೆ ಸ್ವಲ್ಪ ಜೀವ ಬಂತು. ಹಳಿಯ ಅಗಲವನ್ನು ಕಣ್ಣಲ್ಲೇ ಅಳೆದರು, ಡ್ರೈವರ್‌ಗೆ ಕೈ ಎತ್ತಿದರು, ಆಕೆಯೂ ಎತ್ತಿದಳು. ಹತ್ತು ನಿಮಿಷ ನೋಡಿ, ಬಿಸಿಲು ತಾಳದೆ, ಬಂದ ಕಡೆಗೇ ವಾಪಸ್ ಹತ್ತಿದೆವು. ಬರುವಾಗ ಮೂರು ಕೆಂಪು ದೀಪ ಸಿಕ್ಕವು, ಅವರು ಎಣಿಸಿದ್ದಾರೆ.

ರಾತ್ರಿ ಅರಸೀಕೆರೆಯ ಗೆಳೆಯರಿಗೆ ಫೋನ್ ಮಾಡಿ ಹೇಳುತ್ತಿದ್ದರು. "ಚೆನ್ನಾಗಿದೆ ಕಣಯ್ಯಾ. ಎಸಿ, ಕ್ಲೀನು, ನಾಲ್ಕು ಡಾಲರ್‌ಗೆ ದಿನಪೂರ್ತಿ. ಆದ್ರೆ ತುಂಬಾ ಮರ್ಯಾದಸ್ಥ ರೈಲು. ಯಾವ ಕಾರು ಬಂದ್ರೂ ನಿಂತು, 'ನೀವು ಹೋಗಿ ಸಾರ್' ಅನ್ನುತ್ತೆ."