ಒಂದೇ ಹಲಗೆ ಅಂದ್ರೆ ರಿಸ್ಕ್ ಅರ್ಧ ಅಲ್ವಾ?

ಅಕ್ಕನ ಮಗ ಜೂರಿಕ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. "ಮಾಮ, ಫೆಬ್ರವರಿಯಲ್ಲಿ ಅತ್ತೆನ ಕರ್ಕೊಂಡು ಬನ್ನಿ, ಸ್ನೋಬೋರ್ಡಿಂಗ್ ಮಾಡೋಣ" ಎಂದು ಫೋನ್ ಮಾಡಿದ. ನನಗೆ ನಲವತ್ತಾರು. ಬಿಪಿ ಮಾತ್ರೆ ಶುರುವಾಗಿ ಮೂರು ವರ್ಷ. ಮೆಟ್ರೋದ ಎಸ್ಕಲೇಟರ್‌ನಲ್ಲೂ ಪಕ್ಕದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡೇ ಇಳಿಯುವವನು. ಆದರೂ "ಬರ್ತೀವಿ ಕಣೋ" ಅಂದುಬಿಟ್ಟೆ. ಫೋನ್ ಸ್ಪೀಕರ್‌ನಲ್ಲಿತ್ತು, ಹೆಂಡತಿ ಪಕ್ಕದಲ್ಲೇ ಇದ್ದಳು.

ಅಮ್ಮನಿಗೆ ವಿಷಯ ತಿಳಿಸಬೇಕಿತ್ತಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಎರಡೂ ಕಾಲನ್ನ ಒಂದು ಹಲಗೆಗೆ ಬಿಗಿದು ಹಿಮದ ಇಳಿಜಾರಲ್ಲಿ ಜಾರೋದಮ್ಮ."

"ಯಾರು ಬಿಗಿಯೋದು?"

"ನಾವೇ ಬಿಗ್ಕೊಳ್ಳೋದು."

"ದುಡ್ಡು ಗಿಡ್ಡು ಕೊಡ್ತಾರಾ?"

"ಇಲ್ಲ, ನಾವೇ ಕೊಡಬೇಕು."

ಅಮ್ಮ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಸ್ವಿಟ್ಜರ್‌ಲ್ಯಾಂಡ್‌ಗೆ ಹೋಗಲು ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಆ ವೀಸಾಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಕನಿಷ್ಠ 30,000 ಯೂರೋ ಕವರ್ ಇರಬೇಕು, ಇರುವಷ್ಟೂ ದಿನಕ್ಕೆ ಇರಬೇಕು, ಷೆಂಗೆನ್ ದೇಶಗಳಲ್ಲೆಲ್ಲಾ ನಡೆಯಬೇಕು. ಮೊಬೈಲ್‌ನಲ್ಲಿ ಹುಡುಕಿ, ಎಲ್ಲಕ್ಕಿಂತ ಕಡಿಮೆ ಪ್ರೀಮಿಯಂ ಇರುವ ಪಾಲಿಸಿಯೊಂದನ್ನು ನಾಲ್ಕು ನಿಮಿಷದಲ್ಲಿ ಆರಿಸಿಟ್ಟೆ. ದುಡ್ಡು ಕಟ್ಟುವುದಷ್ಟೇ ಬಾಕಿ. ಪಕ್ಕದ ಮನೆಯ ಅಂಕಲ್‌ಗೆ ಹೆಮ್ಮೆಯಿಂದ ತೋರಿಸಿದೆ. ಅಲ್ಲೇ ತಪ್ಪಿದ್ದು.

ಅಂಕಲ್ ಮೂವತ್ತು ವರ್ಷ ಇನ್ಶೂರೆನ್ಸ್ ಏಜೆಂಟ್ ಆಗಿದ್ದು ರಿಟೈರ್ ಆದವರು. ಪಾಲಿಸಿಯನ್ನು ಉರ್ದು ಪುಸ್ತಕದ ಹಾಗೆ ಹಿಂದಿನಿಂದ ಓದುತ್ತಾರೆ. "ಮುಂದೆ ಕೊಡೋದನ್ನ ಬರೆದಿರ್ತಾರೆ, ಹಿಂದೆ ಕೊಡದೇ ಇರೋದನ್ನ" ಎಂದರು. ಮೂವತ್ತೆಂಟು ಪುಟದ ಪಿಡಿಎಫ್. ಮೂವತ್ತೊಂದನೇ ಪುಟದಲ್ಲಿ ಅವರ ಬೆರಳು ನಿಂತಿತು. ರಾಫ್ಟಿಂಗ್, ಬಂಜೀ ಜಂಪಿಂಗ್, ಪ್ಯಾರಾಗ್ಲೈಡಿಂಗ್, ಕುದುರೆ ರೇಸ್, ಎಲ್ಲಾ ರೀತಿಯ ವಿಂಟರ್ ಸ್ಪೋರ್ಟ್ಸ್: ಇವುಗಳಿಂದಾದ ಗಾಯಕ್ಕೆ ಪರಿಹಾರ ಇಲ್ಲ.

ಅಂದರೆ ಹಲ್ಲುನೋವಿಗೆ ಇತ್ತು. ಪಾಸ್‌ಪೋರ್ಟ್ ಕಳೆದರೆ ಇತ್ತು. ವಿಮಾನ ಹೈಜಾಕ್ ಆದರೆ ದಿನಕ್ಕಿಷ್ಟು ಅಂತ ಭತ್ಯೆ ಕೂಡ ಇತ್ತು. ನಾನು ಯಾವುದಕ್ಕೆ ಹೋಗುತ್ತಿದ್ದೆನೋ ಅದೊಂದಕ್ಕೆ ಇರಲಿಲ್ಲ. ವೀಸಾ ಸಿಗೋದಕ್ಕೆ ಬೇಕಾದ ಇನ್ಶೂರೆನ್ಸೇ ಬೇರೆ, ಬಿದ್ದಾಗ ಬೇಕಾದ ಇನ್ಶೂರೆನ್ಸೇ ಬೇರೆ ಅಂತ ಆವತ್ತು ಗೊತ್ತಾಯಿತು.

ಬೇರೆ ಕಂಪನಿಯ ಕಾಲ್ ಸೆಂಟರ್‌ಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಕನ್ನಡದ ಹುಡುಗಿ ಸಿಕ್ಕಳು.

"ಸ್ನೋಬೋರ್ಡಿಂಗ್ ಅಂದ್ರೆ ಸ್ಕೀಯಿಂಗಾ ಸರ್?"

"ಸ್ಕೀಯಿಂಗಲ್ಲಿ ಎರಡು ಹಲಗೆ ಇರುತ್ತಮ್ಮ. ಇದರಲ್ಲಿ ಒಂದೇ."

"ಒಂದೇ ಹಲಗೆ ಅಂದ್ರೆ ರಿಸ್ಕ್ ಅರ್ಧ ಅಲ್ವಾ ಸರ್?"

ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು. ಅವಳು ಹೋಲ್ಡ್‌ನಲ್ಲಿಟ್ಟು ಯಾರನ್ನೋ ಕೇಳಿಕೊಂಡು ಬಂದಳು. ಅವರ ಪಾಲಿಸಿಯಲ್ಲಿ ಅಪಾಯದ ಆಟಗಳನ್ನು "ವೃತ್ತಿಪರವಾಗಿ" ಆಡಿದರೆ ಮಾತ್ರ ಪರಿಹಾರ ಇಲ್ಲವಂತೆ. "ನೀವು ಪ್ರೊಫೆಷನಲ್ಲಾ ಸರ್?" ಎಂದು ಕೇಳಿದಳು. ಪಕ್ಕದಲ್ಲಿದ್ದ ಹೆಂಡತಿ ನಕ್ಕಿದ್ದು ಆ ಹುಡುಗಿಗೂ ಕೇಳಿಸಿರಬೇಕು, ಉತ್ತರಕ್ಕೆ ಕಾಯಲಿಲ್ಲ. ಆದರೆ ಆ್ಯಡ್-ಆನ್, ಅಂದರೆ ಮೇಲೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಕವರ್, ಹಾಕಿಸಬೇಕು. ಗುರುತು ಮಾಡಿದ ಇಳಿಜಾರಿನಲ್ಲೇ ಜಾರಬೇಕು. ಅದರ ಅಂಚಿಗೆ ಕಟ್ಟಿದ ಹಗ್ಗ ದಾಟಿ ಆಚೆಯ ಹೊಸ ಹಿಮಕ್ಕೆ ಇಳಿದರೆ ಪಾಲಿಸಿ ಹಗ್ಗದ ಈಚೆಯೇ ನಿಲ್ಲುತ್ತದೆ. ಕುಡಿದಿದ್ದರಂತೂ ಒಂದು ರೂಪಾಯಿಯೂ ಇಲ್ಲ. ಆ ಬೆಟ್ಟಗಳಲ್ಲಿ ನೋಡಿದರೆ, ಇಳಿಜಾರಿನ ಬುಡದಲ್ಲೇ ಬಿಸಿ ಬಿಸಿ ವೈನ್ ಮಾರುತ್ತಾರೆ. ಬಿಪಿ ಇರುವುದನ್ನೂ ಹೇಳಿದೆ. ಮುಚ್ಚಿಟ್ಟರೆ ಕಾಲು ಮುರಿದಾಗಲೂ ಅದನ್ನೇ ಹಿಡಿದುಕೊಳ್ಳುತ್ತಾರೆ ಅಂತ ಅಂಕಲ್ ಹೆದರಿಸಿದ್ದರು. ಪ್ರೀಮಿಯಂ ಎರಡರಷ್ಟಾಯಿತು.

ಅಕ್ಕನ ಮಗ ತನ್ನ ಪಾಲಿನ ಭಯ ಸೇರಿಸಿದ. ಅಲ್ಲಿ ಬೆಟ್ಟದಲ್ಲಿ ಕೈಕಾಲು ಮುರಿದುಕೊಂಡರೆ ರೇಗಾ ಎಂಬ ಸಂಸ್ಥೆಯ ಕೆಂಪು ಹೆಲಿಕಾಪ್ಟರ್ ಬರುತ್ತದೆ, 1414ಕ್ಕೆ ಫೋನ್ ಮಾಡಿದರೆ ಸಾಕು. ಆದರೆ ಬಿಲ್ ಸಾವಿರಗಟ್ಟಲೆ ಫ್ರಾಂಕ್. "ಮಾಮ, ಆಸ್ಪತ್ರೆಯಿಂದ ಊರಿಗೆ ಸಾಗಿಸೋ ಖರ್ಚು ಬೇರೆ, ಬೆಟ್ಟದಿಂದ ಆಸ್ಪತ್ರೆಗೆ ತರೋ ಖರ್ಚು ಬೇರೆ. ಎರಡೂ ಇದ್ಯಾ ನೋಡಿ." ನೋಡಿದೆ. ಮೊದಲನೆಯದು ಇತ್ತು. ಎರಡನೆಯದಕ್ಕೆ ಮೇಲಿನ ದರ್ಜೆಯ ಪ್ಲಾನ್ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡೆ. ಪ್ರೀಮಿಯಂ ಮೂರರಷ್ಟಾಯಿತು.

ಆಮೇಲೆ ಲಯಬಿಲಿಟಿ. ಅಂದರೆ ನಾನು ಬೀಳುವುದಲ್ಲ, ನಾನು ಬೇರೆಯವರನ್ನು ಬೀಳಿಸುವುದು. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ ಹತ್ತು ನಿಯಮ ಮಾಡಿದೆ. ಅದರ ಪ್ರಕಾರ ಮುಂದೆ ಹೋಗುತ್ತಿರುವವರಿಗೆ ತೊಂದರೆ ಆಗದ ಹಾಗೆ ದಾರಿ ನೋಡಿಕೊಳ್ಳಬೇಕಾದ್ದು ಹಿಂದಿನಿಂದ, ಮೇಲಿನಿಂದ ಬರುವವನು. ಬೆಂಗಳೂರಲ್ಲಿ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದವನಿಗೆ ಇದು ಹೊಸ ವೇದಾಂತ. ನಮ್ಮಲ್ಲಿ ತಪ್ಪು ಯಾರದು ಅಂತ ತೀರ್ಮಾನ ಮಾಡೋದು ಸುತ್ತ ಸೇರಿದ ಜನ.

ಇಷ್ಟೆಲ್ಲಾ ಆದ ಮೇಲೆ ಒಂದು ರಾತ್ರಿ ನಿದ್ದೆ ಬರದೆ ಅಂಗಾಂಗಗಳ ಪಟ್ಟಿ ಓದುತ್ತಾ ಕೂತೆ. ಅಪಘಾತದಲ್ಲಿ ಏನು ಹೋದರೆ ಎಷ್ಟು ಅಂತ ಬರೆದಿರುತ್ತಾರಲ್ಲ, ಆ ಪಟ್ಟಿ. ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 25. ತೋರುಬೆರಳಿಗೆ 10. ಕಾಲಿನ ಹೆಬ್ಬೆರಳಿಗೆ ಬರೀ 5. ಏಕಲವ್ಯ ಒಂದು ಪಾಲಿಸಿ ಮಾಡಿಸಿದ್ದರೆ ಕಾಲು ಭಾಗ ಸಿಗುತ್ತಿತ್ತಲ್ಲ ಅಂದುಕೊಂಡೆ. ಮರುಪುಟ ತಿರುಗಿಸಿದರೆ, ತನಗೆ ತಾನೇ ಮಾಡಿಕೊಂಡ ಗಾಯಕ್ಕೆ ಪರಿಹಾರ ಇಲ್ಲ. ದ್ರೋಣಾಚಾರ್ಯರು ಬುದ್ಧಿವಂತರು, ಕತ್ತಿ ಅವನ ಕೈಯಲ್ಲೇ ಇರುವ ಹಾಗೆ ನೋಡಿಕೊಂಡರು.

"ರೀ, ಮಲಗ್ರೀ. ಇನ್ನೂ ಹೋಗೇ ಇಲ್ಲ, ಆಗಲೇ ನಾಲ್ಕು ಬೆರಳು ಕಳ್ಕೊಂಡಿದೀರ" ಎಂದಳು ಹೆಂಡತಿ.

ಜೂರಿಕ್‌ನಲ್ಲಿ ಇಳಿದಾಗ ಬೆಳಿಗ್ಗೆ ಏಳೂವರೆ. ನಾವು ಬಂದಿದ್ದೆವು, ಉಣ್ಣೆಬಟ್ಟೆಯ ಸೂಟ್‌ಕೇಸ್ ಬಂದಿರಲಿಲ್ಲ. ನನಗೆ ಒಳಗೊಳಗೇ ಖುಷಿ. ಲಗೇಜ್ ಹನ್ನೆರಡು ಗಂಟೆಗಿಂತ ಜಾಸ್ತಿ ತಡವಾದರೆ ಬಟ್ಟೆ ಕೊಂಡ ದುಡ್ಡು ಕೊಡುತ್ತಾರೆ ಅನ್ನೋದು ನನಗೆ ಬಾಯಿಪಾಠ. ಹೆಂಡತಿ ಆಗಲೇ ಅಂಗಡಿಯಲ್ಲಿ ಒಂದು ನೀಲಿ ಜಾಕೆಟ್ ನೋಡಿಟ್ಟಿದ್ದಳು. ಸಂಜೆ ಏಳು ಹತ್ತಕ್ಕೆ ಬಾಗಿಲು ಬಡಿದ ಸದ್ದು. ಸೂಟ್‌ಕೇಸ್! ಇಪ್ಪತ್ತೇ ನಿಮಿಷ ಮುಂಚೆ. "ಬಾಗಿಲು ತೆಗೀಬೇಡ್ವೋ" ಎಂದು ಹೆಂಡತಿ ಪಿಸುಗುಟ್ಟಿದಳು. ಅಷ್ಟರಲ್ಲಿ ಅಕ್ಕನ ಮಗ ಸಹಿ ಹಾಕಿಯಾಗಿತ್ತು. ಆ ದೇಶದ ಗಾಳಿ ತಾಗಿದ ಹುಡುಗ, ಏನು ಮಾಡೋದು.

ಮೂರನೇ ದಿನ ಲೂಸರ್ನ್ ದಾಟಿ ಎಂಗಲ್‌ಬರ್ಗ್‌ಗೆ ಹೋದೆವು. ಟಿಟ್ಲಿಸ್ ಪರ್ವತದ ಊರು. ನಮ್ಮ ಕಡೆಯ ಟೂರ್‌ನವರೆಲ್ಲ ಸುತ್ತುವ ಕೇಬಲ್ ಕಾರ್ ಹತ್ತಿ, ಮೇಲೆ ಫೋಟೋ ತೆಗೆಸಿಕೊಂಡು, ಮೈಕೈ ನೆಟ್ಟಗೇ ಇಟ್ಟುಕೊಂಡು ವಾಪಸ್ ಬರುತ್ತಾರೆ. ಹಾಗೆ ಮಾಡಬಹುದಿತ್ತು. ಹೊಸಬರು ಕಲಿಯುವ ಜಾಗ ಊರೊಳಗೇ ಇದೆ, ಕ್ಲೋಸ್ಟರ್‌ಮಾಟೆ ಅಂತ. ಅಲ್ಲಿ 1120ರಲ್ಲಿ ಶುರುವಾದ ಕ್ರೈಸ್ತ ಸನ್ಯಾಸಿಗಳ ಮಠ ಇದೆ, ಅದರ ಪಕ್ಕದ ಹುಲ್ಲುಗಾವಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಠದ ಗದ್ದೆ.

ಯಾವ ಕಾಲು ಮುಂದಿಡಬೇಕು ಅಂತ ತಿಳಿಯಲು ಕಲಿಸುವವನು ಹಿಂದಿನಿಂದ ಹಗುರವಾಗಿ ತಳ್ಳಿ ನೋಡುತ್ತಾನೆ. ಎಡಗಾಲು ಮುಂದೆ ಬಂದರೆ ರೆಗ್ಯುಲರ್, ಬಲಗಾಲು ಬಂದರೆ ಗೂಫಿ. ನನ್ನನ್ನೂ ತಳ್ಳಿದ. ಸಿಟಿ ಬಸ್ಸಿನಲ್ಲಿ ಓಡಾಡಿದವನನ್ನು ಹಿಂದಿನಿಂದ ತಳ್ಳಿದರೆ ಕಾಲು ಮುಂದೆ ಹೋಗುವುದಿಲ್ಲ, ಕೈ ಪರ್ಸಿಗೆ ಹೋಗುತ್ತದೆ. ಅವನು ಮೂರು ಸಲ ತಳ್ಳಿ ನೋಡಿ ಕೈಬಿಟ್ಟ. ರೆಗ್ಯುಲರ್ ಅಂತ ಬರೆದುಕೊಂಡ.

ಬೀಳುವಾಗ ಅಂಗೈ ಊರಬೇಡಿ, ಹೊಸಬರು ಮಣಿಕಟ್ಟು ಮುರಿದುಕೊಳ್ಳುವುದು ಹಾಗೇ ಎಂದು ಅವನು ಹೇಳಿದ್ದ. ನೆನಪಿಟ್ಟುಕೊಂಡೆ. ಹತ್ತು ಅಡಿ ಜಾರಿದೆ, ಹಲಗೆಯ ಅಂಚು ಹಿಮಕ್ಕೆ ಸಿಕ್ಕಿತು. ಮಣಿಕಟ್ಟು ಎರಡನ್ನೂ ಎದೆಗೆ ಅವಚಿಕೊಂಡು, ಮನೆಯಲ್ಲಿ ಸೋಫಾ ಮೇಲೆ ಕೂರುವ ಹಾಗೆ ಕೂತೆ. ಸೋಫಾ ಇರಲಿಲ್ಲ ಅಷ್ಟೇ. ಆ ಹಿಮ ನೋಡಲು ಹತ್ತಿಯ ಹಾಗಿತ್ತು, ಕೂತಾಗ ಕಡಪಾ ಕಲ್ಲು. ನಾಲ್ಕು ವರ್ಷದ ಮಗುವೊಂದು ಎರಡು ಹಲಗೆಯ ಮೇಲೆ ಸರ್ರನೆ ಪಕ್ಕದಲ್ಲಿ ಹೋಯಿತು. ತಿರುಗಿ ಕೂಡ ನೋಡಲಿಲ್ಲ.

ರಾತ್ರಿ ಮಗ್ಗುಲಾಗಿ ಮಲಗಿ ಪಿಡಿಎಫ್ ತೆರೆದೆ. ಕಣ್ಣು, ಕಿವಿ, ಕೈ, ಕಾಲು, ಹತ್ತೂ ಬೆರಳು, ಎಲ್ಲಕ್ಕೂ ಒಂದೊಂದು ಪರ್ಸೆಂಟ್. ಬೆನ್ನುಮೂಳೆಯ ಕೊನೆಯ ಆ ತುಣುಕು ಪಟ್ಟಿಯಲ್ಲೇ ಇಲ್ಲ. ಡಾಕ್ಟರ ಹತ್ತಿರ ಹೋದರೆ ಚಿಕಿತ್ಸೆಯ ಖರ್ಚು ಕೊಡುತ್ತಾರೆ, ಅದರಲ್ಲೂ ಮೊದಲ ನೂರು ಡಾಲರ್ ನನ್ನದೇ. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ನೋವು ಅಂತ ಕೇಳಿದರೆ ತೋರಿಸಬೇಕಲ್ಲ. ಹೆಂಡತಿ ಕಿಟಕಿಯ ಹೊರಗಿನ ಹಿಮವನ್ನೇ ಪ್ಲಾಸ್ಟಿಕ್ ಕವರಿಗೆ ತುಂಬಿ ತಂದುಕೊಟ್ಟಳು. ಇದಕ್ಕೆ ಪ್ರೀಮಿಯಂ ಇಲ್ಲ ಎಂದಳು.

ಅಮ್ಮನಿಗೆ ಹೇಳಬಾರದು ಅಂದುಕೊಂಡಿದ್ದೆ. ವಿಡಿಯೋ ಕಾಲ್‌ನಲ್ಲಿ ನಾನು ನಿಂತೇ ಇರುವುದು ನೋಡಿ ಅವರೇ ಕಂಡುಹಿಡಿದರು.

"ಬಿದ್ಯಾ?"

"ಹೂಂ ಅಮ್ಮ. ಸ್ವಲ್ಪ."

"ಎಲ್ಲಿ?"

"ಇಲ್ಲೇ, ಮಠದ ಗದ್ದೆಯಲ್ಲಿ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ತಂದು ಕೇಳಿದರು:

"ಯಾವ ಮಠ?"