ಕಿವಿಯ ಕಾಲಂ ಇಲ್ಲದ ರಿಜಿಸ್ಟರು

ಕಿಟೆಲ್ ಸಾಹೇಬರಿಗೆ ಕನ್ನಡ ಕಲಿಸಿದವನು ನಮ್ಮ ಮುತ್ತಜ್ಜನ ಅಪ್ಪ. ಇದು ನಮ್ಮ ಕಾಕಾನ ಮಾತು. ಮದುವೆ ಇರಲಿ, ಮಣ್ಣಿರಲಿ, ನಾಲ್ಕು ಜನ ಕೂಡಿದರೆ ಸಾಕು, ಇದನ್ನು ಹೇಳದೆ ಕಾಕಾ ಊಟಕ್ಕೆ ಏಳುವುದಿಲ್ಲ. ಕಿಟೆಲ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅದರಲ್ಲಿ ನಮ್ಮದೂ ಒಂದು ಪಾಲಿದೆ ಅಂತ ನಂಬಿಕೊಂಡೇ ನಾವೆಲ್ಲ ಹುಬ್ಬಳ್ಳಿಯಲ್ಲಿ ದೊಡ್ಡವರಾದೆವು.

ಆ ಹಿರಿಯನನ್ನು ಕಾಗದದ ಮೇಲೆ ಹಿಡಿಯೋಣ ಅಂತ ಹೊರಟೆ. ಕಿಟೆಲ್ ಸಾಹೇಬರನ್ನು ಇಲ್ಲಿಗೆ ಕಳಿಸಿದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಮುಟ್ಟಿದ್ದರು. ಅವರಿಗೆ ಬರೆದಿಡುವ ಹುಚ್ಚು ಜಾಸ್ತಿ. ದೀಕ್ಷಾಸ್ನಾನಕ್ಕೊಂದು, ಮದುವೆಗೊಂದು, ಸಾವಿಗೊಂದು ರಿಜಿಸ್ಟರು.

ನಮ್ಮ ಮನೆಯ ದಾಖಲೆ ಅಂದರೆ ಅಜ್ಜನ ಟ್ರಂಕಿನಲ್ಲಿದ್ದ ಕಿರ್ದಿ ಪುಸ್ತಕ. ಮುಕ್ಕಾಲು ಭಾಗ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ. ನೂಲಿನ ಬೆಲೆ, ಜೋಳದ ಬೆಲೆಗಳ ನಡುವೆ ಒಂದೆಡೆ ಮಾತ್ರ ವಂಶದ ಸಮಾಚಾರ: "ಅಜ್ಜ ದೊಡ್ಡ ಬರದಾಗ ಬೆಟಗೇರಿಗೆ ಬಂದ. ಮೊದಲಿನ ಹೆಸರು ಫಕೀರಪ್ಪ. ಎಡಗಿವಿ ಹರಿದಿತ್ತು." ಮುಂದಿನ ಸಾಲಿನಲ್ಲಿ ಆಡು ಮಾರಿದ ಹಣ.

ದೊಡ್ಡ ಬರ ಅಂದರೆ 1876ರಿಂದ 78ರದ್ದು. ಸರಿ, ರಿಜಿಸ್ಟರಿನಲ್ಲಿ 1877ರ ಹಾಳೆ ತೆಗೆದರೆ ಸಾಲು ಸಾಲು ಫಕೀರಪ್ಪಗಳು! ಶಿರಹಟ್ಟಿಯ ಫಕೀರೇಶ್ವರ ಮಠ ಹತ್ತಿರವೇ ಇದೆಯಲ್ಲ, ಗದಗ ಸೀಮೆಯ ಸಂತೆಯಲ್ಲಿ 'ಏ ಫಕೀರಪ್ಪಾ' ಅಂತ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಇವರಲ್ಲಿ ಒಬ್ಬ ಯಾಕೋಬನಾಗಿದ್ದಾನೆ, ಒಬ್ಬ ಯೋಸೇಫ, ಇನ್ನೊಬ್ಬ ಮತ್ತೆ ಯಾಕೋಬ. ತಂದೆಯ ಹೆಸರಿಗೆ ಕಾಲಂ ಇದೆ, ಊರಿಗಿದೆ, ಕಸುಬಿಗಿದೆ. ಕಿವಿಗೆ ಇಲ್ಲ.

ಒಬ್ಬ ಯಾಕೋಬನ ಸಾಲಿನ ಪಕ್ಕ ಪಾದ್ರಿಗಳು ಹಳೆಯ ಜರ್ಮನ್ ಬರಹದಲ್ಲಿ ಏನೋ ಗೀಚಿದ್ದರು. ಪಕ್ಕದ ಮನೆಯ ಹುಡುಗ ಜರ್ಮನಿಗೆ ಓದಲು ಹೊರಟವನು, ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಿದವನು. ಫೋಟೋ ನೋಡಿ "ಅಂಕಲ್, ಇದು ಜರ್ಮನ್ ಅಲ್ಲವೇ ಅಲ್ಲ" ಅಂದ. ಪಾಪ, ಆ ಬರಹ ಕಲಿಸುವುದನ್ನು ಜರ್ಮನಿಯ ಶಾಲೆಗಳೇ 1941ರಲ್ಲಿ ಬಿಟ್ಟಿವೆ. ಬಹಳ ಗುದ್ದಾಡಿ ಒಂದು ಪದ ಬಿಡಿಸಿಕೊಟ್ಟ: ನೇಕಾರ. ಕಿರ್ದಿಯ ನೂಲಿಗೂ ಅದಕ್ಕೂ ತಾಳೆಯಾಯಿತು. ಇವನೇ ನಮ್ಮವನಿರಬೇಕು.

ವಯಸ್ಸಿನದು ಬೇರೆಯೇ ಕಥೆ. 1877ರ ದೀಕ್ಷಾಸ್ನಾನದ ದಿನ ಸುಮಾರು 25 ವರ್ಷ. 1881ರಲ್ಲಿ ಮದುವೆಯಾಗುವಾಗ 24. ಸತ್ತಿದ್ದು 1915ರಲ್ಲಿ, ಆಗ 75! "ಮದುವ್ಯಾಗ ಎಲ್ಲಾರೂ ಕಡಿಮಿನ ಹೇಳ್ತಾರ, ಅದರಾಗೇನೈತಿ?" ಅಂದಳು ಅತ್ತಿ. ಈ ವಿಷಯದಲ್ಲಿ ಅವಳ ಮಾತಿಗೆ ತೂಕವಿದೆ.

ನಾನು ಮೊದಲಿನ 25ನ್ನೇ ಹಿಡಿದು ಕಾಕಾನ ಮುಂದೆ ಲೆಕ್ಕ ಇಟ್ಟೆ. ಕಿಟೆಲ್ ಇಂಡಿಯಾಕ್ಕೆ ಬಂದಿದ್ದು 1853ರಲ್ಲಿ. ಆಗ ಅವರ ಕನ್ನಡ ಮಾಸ್ತರಿಗೆ ಒಂದು ವರ್ಷ. ಕಾಕಾ ಸ್ವಲ್ಪ ಹೊತ್ತು ಅಡಕೆ ಅಗಿದ. "ಸಣ್ಣ ಹುಡುಗರ ಬಾಯಾಗಿನ ಕನ್ನಡ ಭಾಳ ಶುದ್ಧ ಇರ್ತೈತಿ" ಅಂದ.

ರಿಜಿಸ್ಟರಿನಲ್ಲಿದ್ದ ಊರು ರೋಣದ ಕಡೆಯದು. ಬರದಲ್ಲೂ ಊರು ಬಿಡದ ಅಣ್ಣತಮ್ಮಂದಿರ ಪೈಕಿಯವರು ಅಲ್ಲಿದ್ದಾರೆ. ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ, ಆಗ ಬರ್ರಿ ಅಂದರು. ಹೆಳವರು ಗೊತ್ತಲ್ವಾ? ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆ ಮುಂದೆ ವಂಶದವರ ಹೆಸರು ಹೇಳಿ ಕಾಳುಕಡಿ ಪಡೆದು ಹೋಗುವವರು. ಈತ ಬಂದಿದ್ದು ಬೈಕಿನಲ್ಲಿ. ಪುಸ್ತಕ ಮಾತ್ರ ಹಳೆಯದು, ತಲೆದಿಂಬಿನಷ್ಟು ದಪ್ಪ.

"ಯಲ್ಲಪ್ಪಗ ಮೂರು ಮಂದಿ ಗಂಡಮಕ್ಕಳು. ಹಿರ್ಯಾ ಬಸಪ್ಪ, ನಡುವಿನಾಂವ ನಿಂಗಪ್ಪ, ಸಣ್ಣಾಂವ ಹರಕಗಿವಿ ಫಕೀರಪ್ಪ..."

ಅತ್ತಿ ನನ್ನ ತೋಳು ಚಿವುಟಿದಳು. ಕಾಕಾ ಟೋಪಿ ಸರಿ ಮಾಡಿಕೊಂಡ.

"...ಹರಕಗಿವಿ ಫಕೀರಪ್ಪ ಬರದಾಗ ದೇಶಾಂತರ ಹೋದ. ಸಂತಾನ ಇಲ್ಲ."

ಕಾಕಾ, ಅತ್ತಿ, ನಾನು, ನನ್ನ ಮಗಳು, ಕಾಕಾನ ಮೊಮ್ಮಕ್ಕಳು. ಇಲ್ಲದ ಸಂತಾನವೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು ಮಿರ್ಚಿ ತಿನ್ನುತ್ತಿತ್ತು.

"ಹಂಗಾರ ನಾವ್ಯಾರಪ್ಪಾ?" ಕಾಕಾ ಎದ್ದೇ ನಿಂತ.

"ಪುಸ್ತಕದಾಗ ಇಲ್ಲರಿ. ಬರಸಿದ್ರ ಬರೀತೀನಿ. ಆದ್ರ ಅಂದಿನಿಂದ ಇಂದಿನ ತನಕದ ಬಾಕಿ ಐತಿ." ತಲೆಮಾರಿಗೆ ಒಂದು ಚೀಲ ಜೋಳ, ಮೇಲೊಂದು ಆಕಳ ಕರು. ಅತ್ತಿ ಕಟ್ಟೆ ಇಳಿದು ಚೌಕಾಸಿಗೆ ನಿಂತಳು. ನಮ್ಮ ಫ್ಲ್ಯಾಟಿನಲ್ಲಿ ಕರು ಎಲ್ಲಿಂದ ತರೋಣ ಅಂತ ಅದನ್ನು ಮೊದಲು ಬಿಡಿಸಿದಳು. ಆಮೇಲೆ ಜೋಳ ಇಳಿಯುತ್ತ ಇಳಿಯುತ್ತ ಎರಡು ಚೀಲಕ್ಕೆ ಬಂತು. ಅದನ್ನೂ ಆತ ಫೋನಿಗೆ ಹಾಕಿಸಿಕೊಂಡ.

ಹೆಳವ ಪೆನ್ನು ತೆಗೆದ. ಅಲ್ಲಿಯವರೆಗೆ ಚಾ ಮೇಲೆ ಚಾ ಕೊಡುತ್ತಿದ್ದ ಮನೆಯ ಯಜಮಾನರು ಯಾಕೋ ಗಪ್ಪಾದರು. ಮಗನ ಕಡೆ ನೋಡಿದರು. ಮಗ ಹೊಲದ ಕಡೆ ನೋಡಿದ.

"ಹೆಸರು ಬರಸ್ರಿ, ಬ್ಯಾಡ ಅನ್ನೂದಿಲ್ಲ" ಅಂದರು ಯಜಮಾನರು. "ಮೂರನೇ ಪಾಲು ಗೀಲು ಅಂತ ಮಾತ್ರ ಏನೂ ಬರಸಬ್ಯಾಡ್ರಿ."

"ಅಯ್ಯ, ನಮಗ್ಯಾಕ್ರಿ ಅದೆಲ್ಲಾ" ಅಂದಳು ಅತ್ತಿ. ಕಪ್ಪು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು: "ಎಷ್ಟ್ ಎಕರೆ ಐತ್ರಿ ಒಟ್ಟು?"