ಸ್ಪಷ್ಟನೆ: 1 ಯೂರೋಗೆ ಇಟಲಿಯಲ್ಲಿ ಮನೆ?

‘ಇಟಲಿಯ ಹಳೇ ಊರಲ್ಲಿ 1 ಯೂರೋಗೆ ಮನೆ, ಜೊತೆಗೆ ನೆಲೆಸಲು ವೀಸಾ, ಊರು ಪೂರ್ತಿ ಖಾಲಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಇದರಲ್ಲಿ ನಿಜ ಕಾಲು ಭಾಗ.

ಇಟಲಿಯ ಸಿಸಿಲಿ ದ್ವೀಪದ ಸಂಬೂಕಾ ಊರು 2019ರಲ್ಲಿ 16 ಪಾಳು ಮನೆಗಳನ್ನು ಹರಾಜಿಗಿಟ್ಟದ್ದು ಹೌದು. 1 ಯೂರೋ ಎಂಬುದು ಕೂಗಿನ ಆರಂಭದ ಬೆಲೆ, ಅಷ್ಟೇ. 5,000 ಯೂರೋ ಠೇವಣಿ ಇಡಬೇಕಿತ್ತು, 3 ವರ್ಷದಲ್ಲಿ ದುರಸ್ತಿ ಮುಗಿಸಬೇಕಿತ್ತು. ಇಟಲಿಯಲ್ಲಿ ಎರಡನೇ ಮನೆ (ಕಾಯಂ ವಾಸಕ್ಕಲ್ಲದ್ದು) ಕೊಂಡರೆ ನೋಂದಣಿ ತೆರಿಗೆ ಶೇ. 9, ಕನಿಷ್ಠ 1,000 ಯೂರೋ; ನೋಟರಿ ಶುಲ್ಕ ಬೇರೆ.

ನಿಜವಾದ ಖರ್ಚು ಇರುವುದು ಗೋಡೆಯಲ್ಲಿ. ಹಳೇ ಕಲ್ಲುಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಂತು ಉಪ್ಪು ಬಿಡುತ್ತದೆ, ಮೇಲಿನ ಪದರ ಹಪ್ಪಳದಂತೆ ಕಳಚುತ್ತದೆ. ಸುಣ್ಣದ ಗಾರೆಯೇ ಬೇಕು. ಅರಬ್ಬರ ಕಾಲದ ಓಣಿಗಳಿಗೆ ಲಾರಿ ನುಗ್ಗದು. ಕಲ್ಲುಮಣ್ಣು ಸಾಗಿಸುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ವೀಸಾ ಮಾತು ಶುದ್ಧ ಸುಳ್ಳು. ಮನೆಯಿದ್ದರೂ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು.

ಊರು ಖಾಲಿಯೂ ಅಲ್ಲ. ಮಧ್ಯಾಹ್ನ ಅಂಗಡಿಗಳ ಬಾಗಿಲು ಹಾಕಿದ್ದನ್ನೇ ಚಿತ್ರ ತೆಗೆದು ಹಾಗೆನ್ನುವವರಿದ್ದಾರೆ! ಬಿಸಿಲಿಳಿದ ಮೇಲೆ ನೋಡಬೇಕು: ಕೊರ್ಸೊ ಉಂಬೆರ್ತೊ ಬೀದಿಯಲ್ಲಿ ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಅಡ್ಡಾಟ, ಬೇಕರಿಯಲ್ಲಿ ಕುಂಬಳದ ಮುರಬ್ಬ, ಹಾಲಿನ ಕ್ರೀಮ್, ಚಾಕೊಲೇಟ್ ತುಂಬಿದ ‘ಮಿನ್ನಿ ದಿ ವಿರ್ಜಿನಿ’ ಎಂಬ ಸಿಹಿತಿಂಡಿ. 2016ರಲ್ಲಿ ಇಟಲಿಯ ಅತಿ ಸುಂದರ ಸಣ್ಣ ಊರೆಂದು ಗೆದ್ದದ್ದೂ ಇದೇ ಸಂಬೂಕಾ.